ಬಟ್ಟಲು ತೊಳೆದು ಕುಡಿದ ನೀರು

ನನ್ನ ಗಂಡನ ಹೆಸರು ಬಸವಲಿಂಗಯ್ಯ. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ನನಗೆ ಕಲಿಸಿದ್ದರು, ಬರೆಯಬಾರದು ಎಂದು ಯಾರೂ ಹೇಳಲಿಲ್ಲ. ಹೆಂಗಸು ಬರೆದಾಳು ಎಂದು ಅವರಿಗೆ ಹೊಳೆದೇ ಇರಲಿಕ್ಕಿಲ್ಲ. ನಾನು ನೀಲಗಂಗಾ, ಭಾಲ್ಕಿ ಕಡೆಯವಳು, ಕನ್ನಡ ಶಾಲೆಯಲ್ಲಿ ಕಲಿತವಳು. ಮದುವೆಯಾಗಿ ಉದಗೀರಕ್ಕೆ ಬಂದ ಮೇಲೆ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇವರೂ ಮಗಳು ಉಜ್ವಲಾಳೂ ಓದಿದ್ದು ಮರಾಠಿಯಲ್ಲೇ. ಹಾಗಾಗಿ ನಾನು ಇಲ್ಲಿ ಬರೆಯುವುದನ್ನು ನಮ್ಮ ಮನೆಯಲ್ಲಿ ಯಾರೂ ಓದುವುದಿಲ್ಲ. ಒಳ್ಳೆಯದೇ ಆಯಿತು.

ನಾವು ಜಂಗಮರು. ದೇವಣಿ ಕಡೆಯ ಊರುಗಳ ಒಕ್ಕಲು ಮನೆಗಳಿಗೆ ಇವರು ಅಯ್ಯ. ಕೂಸು ಹುಟ್ಟಿದರೆ ಅದರ ಕೊರಳಿಗೆ ಲಿಂಗ ಕಟ್ಟುವವರು ಇವರು, ಮದುವೆಯಲ್ಲಿ ಅಕ್ಷತೆ ಹಾಕಿಸುವವರು ಇವರು, ಸತ್ತವರನ್ನು ಗುಂಡಿಯಲ್ಲಿ ಕೂರಿಸಿ ವಿಭೂತಿ ಹಚ್ಚಿ ಕಳಿಸುವವರೂ ಇವರೇ. ಇವರ ಅಪ್ಪ ಎತ್ತಿನ ಬಂಡಿಯಲ್ಲಿ ಹೋಗುತ್ತಿದ್ದ ದಾರಿಯಲ್ಲೇ ಇವರು ಹಳೆಯ ಮೊಪೆಡ್ ಓಡಿಸಿಕೊಂಡು ಹೋಗುತ್ತಿದ್ದರು. ದೊಡ್ಡ ಪಂಡಿತರೇನಲ್ಲ. ಮಂತ್ರ ಮರೆತರೆ ಕೆಮ್ಮುತ್ತಾರೆ, ಕೆಮ್ಮಿ ಮುಗಿಸುವಷ್ಟರಲ್ಲಿ ನೆನಪಾಗಿರುತ್ತದೆ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ನಮ್ಮ ಮನೆಯ ಪಾಲಿನ ಸಿಟ್ಟನ್ನೆಲ್ಲ ನಾನೊಬ್ಬಳೇ ನಿಭಾಯಿಸಿಕೊಂಡು ಬಂದಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ಇವರು ಭಾರೀ ಹಟಮಾರಿ. ಏನೇ ಬಾಯಿಗೆ ಹೋಗಲಿ, ಮೊದಲು ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ತೆರೆದು, ಲಿಂಗವನ್ನು ಎಡಗೈ ಮೇಲಿಟ್ಟುಕೊಂಡು, ಅದಕ್ಕೆ ಅರ್ಪಿಸಿ ಆಮೇಲೆ ತಾವು ಉಣ್ಣಬೇಕು. ಹಾಗೆ ಅರ್ಪಿಸಿದ ಮೇಲೆ ಅದು ಪ್ರಸಾದ. ಒಂದು ಅಗುಳೂ ಉಳಿಯಕೂಡದು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದುಬಿಡುತ್ತಾರೆ. ಹಿಂದೆ ನಮ್ಮವರೆಲ್ಲ ಮಾಡುತ್ತಿದ್ದದ್ದೇ. ಈಗ ಯಾರು ಮಾಡುತ್ತಾರೆ? ಉದಗೀರದ ಮಂಗಲ ಕಾರ್ಯಾಲಯಗಳಲ್ಲಿ ಮದುವೆ ಊಟಕ್ಕೆ ಕೂತು ಇವರು ತಟ್ಟೆ ಎತ್ತಿ ಕುಡಿಯುವಾಗ ಪಕ್ಕದ ಪಂಕ್ತಿಯ ಹುಡುಗಿಯರು ಮೂಗು ಮುರಿಯುತ್ತಿದ್ದರು. ನನಗೂ ನಾಚಿಕೆಯಾಗುತ್ತಿತ್ತು. ಹೊರಗೆ ಉಣ್ಣುವಾಗಲಾದರೂ ಇದನ್ನು ಬಿಡಿ ಎಂದರೆ, ಲಿಂಗ ಮನೆಗೊಂದು ಹೊರಗೊಂದು ಇದೆಯೇನು ಎಂದು ನನ್ನನ್ನೇ ಕೇಳುತ್ತಿದ್ದರು.

ನಮ್ಮ ಒಕ್ಕಲು ಮನೆಗಳಲ್ಲಿ ಕಲ್ಯಾಣಪ್ಪನದು ದೊಡ್ಡದು. ದೇವಣಿ ರಸ್ತೆಗೆ ಹೊಲ, ಉದಗೀರದಲ್ಲಿ ಮನೆ, ಕಾಳಿನ ಪೇಟೆಯಲ್ಲಿ ನಾಲ್ಕು ಜನ ಕೇಳುವಂಥ ಮಾತು. ಅವನ ಮಗ ನಾಗನಾಥನ ಕೊರಳಿಗೆ ಲಿಂಗ ಕಟ್ಟಿದವರೂ ಇವರೇ. ನಾಗನಾಥ ಪುಣೆಯ ಆಚೆ, ಕೊರಿಯಾ ದೇಶದವರ ಕಾರ್ಖಾನೆಗಳು ಇರುವಲ್ಲಿ, ಒಂದು ಹೋಟೆಲಿನಲ್ಲಿ ಕೆಲವು ವರ್ಷ ದುಡಿದ. ಆ ಕೊರಿಯಾದ ಸಾಹೇಬರಿಗೆ ಚೀನಾದ ನೂಡಲ್ಸ್ ಎಂದರೆ ಜೀವವಂತೆ. ಆದರೆ ಚೀನಾದವರು ಮಾಡಿದ ಹಾಗೆ ಮಾಡಿದರೆ ಸೇರುವುದಿಲ್ಲ, ತಮ್ಮ ದೇಶಕ್ಕೆ ಬಂದು ನೆಲೆಸಿದ ಚೀನಾದವರು ಮಾಡುವ ರುಚಿಯೇ ಬೇಕು. ನಾಗನಾಥ ಆ ವಿದ್ಯೆಯನ್ನೂ, ಜೊತೆಗೆ ದಾರ್ಜಿಲಿಂಗ್ ಕಡೆಯ ಒಬ್ಬ ಅಡುಗೆಯವನನ್ನೂ ಕಟ್ಟಿಕೊಂಡು ಬಂದು ಇಲ್ಲಿ ಕಾಲೇಜ್ ರಸ್ತೆಯಲ್ಲಿ ಅಂಥದೇ ಹೋಟೆಲು ಹಾಕಿದ. ನಾನು ನಕ್ಕೆ. ಭಜಿ, ಮಂಡಕ್ಕಿ ಸುಸಲಾ ತಿನ್ನುವ ಊರಿಗೆ ಕೊರಿಯಾದವರ ಚೀನಾ ಊಟವೇ ಎಂದೆ. ನನ್ನ ಬುದ್ಧಿ ಅಷ್ಟಕ್ಕಷ್ಟೇ. ಕಾಲೇಜಿನ ಹುಡುಗಿಯರೆಲ್ಲ ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡಿ ನೋಡಿ, ಅದರೊಳಗಿನ ಕರಿ ನೂಡಲ್ಸ್ ಯಾವಾಗ ತಿಂದೇವು ಎಂದು ಕಾದು ಕೂತಿದ್ದರು.

ನಮ್ಮಲ್ಲಿ ಹೊಸ ಮನೆಯಾಗಲಿ ಅಂಗಡಿಯಾಗಲಿ, ಮೊದಲ ಊಟ ಅಯ್ಯನದು. ಪಾದ ತೊಳೆದು ಕೂರಿಸಿ, ಅವನು ಉಂಡು ಎದ್ದ ಮೇಲೆಯೇ ಉಳಿದವರಿಗೆ ಬಡಿಸುವುದು. ಕಲ್ಯಾಣಪ್ಪ ಮಗನನ್ನು ಕರೆದುಕೊಂಡು ಬಂದು ಆಮಂತ್ರಣ ಕೊಟ್ಟ. ಆ ಹೋಟೆಲಿನಲ್ಲಿ ಮಾಂಸವೂ ಇರುತ್ತದೆ ಎಂಬುದು ಗುಟ್ಟೇನಲ್ಲ, ಬೋರ್ಡಿನ ಮೇಲೇ ಬರೆಸಿದ್ದರು. ಆದರೆ ಮೊದಲ ದಿನ ಬರೀ ಶಾಕಾಹಾರ, ಪಾತ್ರೆಗಳೂ ಹೊಸವು ಎಂದು ಅಪ್ಪ ಮಗ ಇಬ್ಬರೂ ಇವರ ಪಾದ ಮುಟ್ಟಿ ಹೇಳಿದರು. ಇವರು ಒಪ್ಪಿದರು. ತಾವೇ ಲಿಂಗ ಕಟ್ಟಿದ ಹುಡುಗ ಸುಳ್ಳು ಹೇಳುತ್ತಾನೆಯೇ? ಆಗ ಅವನು ಸುಳ್ಳು ಹೇಳಿರಲೂ ಇಲ್ಲ. ಅಷ್ಟು ಮಾತ್ರ ನಾನು ಒಪ್ಪುತ್ತೇನೆ.

ಉದ್ಘಾಟನೆಯ ದಿನ ಪೇಟೆಯ ವ್ಯಾಪಾರಸ್ಥರು, ನೆಂಟರಿಷ್ಟರು, ಕಾಲೇಜಿನ ಹುಡುಗರು, ಬಾಗಿಲ ಹೊರಗೂ ಮಂದಿ. ಗೋಡೆಯ ತುಂಬ ಕೆಂಪು ಕಾಗದದ ದೀಪಗಳು, ಅವುಗಳ ಮಧ್ಯೆ ಮಲ್ಲಿಗೆ ಹಾರ ಹಾಕಿದ ಶಿವನ ಪಟ. ಇವರನ್ನು ನಡುವಿನ ಮೇಜಿಗೆ ಕೂರಿಸಿ ಕಲ್ಯಾಣಪ್ಪನ ಹೆಂಡತಿ ರಂಭಾಬಾಯಿ ಪಾದ ತೊಳೆದಳು. ನಾನು ಎದುರಿಗೆ ಹೆಂಗಸರ ಜೊತೆ ಕೂತಿದ್ದೆ. ಮುಹೂರ್ತ ಮೀರುತ್ತದೆ, ಬೇಗ ತನ್ನಿ ಎಂದು ಕಲ್ಯಾಣಪ್ಪ ಒಳಗೆ ಕೂಗುತ್ತಲೇ ಇದ್ದ. ಕೊನೆಗೆ ಬಿಳಿ ಬಟ್ಟಲು ಬಂತು. ಶಾವಿಗೆಗಿಂತ ದಪ್ಪನೆಯ ಎಳೆಗಳು, ಮೇಲೆ ಮಿರಮಿರ ಮಿಂಚುವ ಕರಿ ಗೊಜ್ಜು, ಗುರೆಳ್ಳು ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿಟ್ಟ ಹಾಗೆ. ಅದರ ಮೇಲೆ ಸಣ್ಣಗೆ ಹೆಚ್ಚಿದ ಸೌತೆಕಾಯಿ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಮತ್ತು ಹಳದಿ ಬಣ್ಣದ ಮೂಲಂಗಿ ಉಪ್ಪಿನಕಾಯಿ.

ನಾಗನಾಥ ಎರಡು ಕಡ್ಡಿಗಳನ್ನು ಕೈಗೆ ಕೊಟ್ಟು ಹಿಡಿಯುವುದು ಹೇಗೆಂದು ತೋರಿಸಿದ. ಇವರು ಅವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಎಲ್ಲರ ಫೋನುಗಳೂ ಮೇಲೆದ್ದವು. ಇವರು ಕಣ್ಣು ಮುಚ್ಚಿ ಅರ್ಪಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು, ಕೈಯಿಂದಲೇ ಕಲಸಿ ಉಣ್ಣತೊಡಗಿದರು. ಎಳೆಗಳು ಬಾಯಿಂದ ಜಾರಿ ಜಾರಿ ಗಡ್ಡಕ್ಕೆಲ್ಲ ಕರಿ ಗೊಜ್ಜು. ಮಂದಿ ನಕ್ಕರು, ಇವರೂ ನಕ್ಕರು. ಇದು ಶಾವಿಗೆಯೇ, ಬಣ್ಣ ಬೇರೆ ಅಷ್ಟೆ ಎಂದು ನಾಗನಾಥನಿಗೆ ಹೇಳಿದರು. ಇವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಕಡೆಯದು.

ಊಟ ಮುಗಿಯಿತು. ಬಟ್ಟಲಿನ ಒಳಗೆಲ್ಲ ಕರಿ ಜಿಡ್ಡು. ಇವರು ವಾಡಿಕೆಯಂತೆ ನೀರು ಹಾಕಿ ಬೆರಳಾಡಿಸಿದರು. ಗೊಜ್ಜು ಬಿಡುತ್ತ ಬಂದು ಬಟ್ಟಲಿನ ತಳ ಕಂಡಿರಬೇಕು, ಬೆರಳು ತಟ್ಟನೆ ನಿಂತಿತು. ಬಟ್ಟಲನ್ನೇ ನೋಡುತ್ತ ಕೂತರು. ಆಮೇಲೆ ತಲೆಯೆತ್ತಿ ಕಲ್ಯಾಣಪ್ಪನನ್ನು ನೋಡಿದರು, ನಾಗನಾಥನನ್ನು ನೋಡಿದರು, ಬಾಗಿಲ ತನಕ ನಿಂತ ಮಂದಿಯನ್ನು ನೋಡಿದರು. ಮತ್ತೆ ತಲೆ ತಗ್ಗಿಸಿ, ಬಟ್ಟಲೆತ್ತಿ ಗಟಗಟ ಕುಡಿದು ಕೆಳಗಿಟ್ಟರು. ಯಾರೋ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಆಶೀರ್ವಾದದ ಮಂತ್ರ ಹೇಳುವಾಗ ಇವರ ನಾಲಿಗೆ ಹೊರಳುತ್ತಿರಲಿಲ್ಲ, ಅಡಿಕೆ ಹೋಳನ್ನು ದವಡೆಯಲ್ಲಿ ಇಟ್ಟುಕೊಂಡು ಮಾತಾಡುವವರಂತೆ ತೊದಲಿದರು. ಮಂತ್ರ ಮರೆತಿದ್ದಾರೆ, ಇನ್ನೇನು ಕೆಮ್ಮುತ್ತಾರೆ ಎಂದು ನಾನು ಕಾದೆ. ಕೆಮ್ಮಲಿಲ್ಲ.

ಮನೆಗೆ ಬಂದವರೇ ಅಂಗಳದ ನಲ್ಲಿಯ ಹತ್ತಿರ ನಿಂತು, ಬಾಯಿಗೆ ಬೆರಳು ಹಾಕಿ ದವಡೆಯ ಸಂದಿಯಿಂದ ಏನನ್ನೋ ತೆಗೆದು ಅಂಗೈ ಮೇಲಿಟ್ಟು ನನಗೆ ತೋರಿಸಿದರು. ಎಲುಬಿನ ಚೂರು, ಹೆಸರುಕಾಳಿನಷ್ಟು. ಕೋಳಿಯದೋ ಮತ್ತೊಂದರದೋ, ಅದು ನಮಗೆ ಏನು ತಿಳಿಯಬೇಕು. ಅಷ್ಟು ಹೊತ್ತೂ ಅದನ್ನು ಬಾಯಲ್ಲಿ ಇಟ್ಟುಕೊಂಡೇ ಊರಿನ ಮಂದಿಯನ್ನು ಹರಸಿ ಬಂದಿದ್ದರು.

ನಾನು ಕೂಗಾಡಿದೆ. ಈಗಿಂದೀಗ ಹೋಗಿ ಆ ಹೋಟೆಲಿನ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಹೇಳುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಇವರು ಅಡ್ಡ ನಿಂತರು. ಅಯ್ಯನಿಗೆ ಮಾಂಸ ಉಣಿಸಿದವನ ಹೋಟೆಲಿಗೆ ನಮ್ಮ ಮಂದಿ ಕಾಲಿಡುತ್ತಾರೆಯೇ, ನಾಳೆ ಆ ಹುಡುಗನಿಗೆ ಹೆಣ್ಣು ಕೊಡುತ್ತಾರೆಯೇ ಎಂದು ಕೇಳಿದರು. ಅವನಿಗೆ ಗೊತ್ತಿರಲಿಕ್ಕಿಲ್ಲ ಪಾಪ, ಅಡುಗೆಯವನ ಕೈ ತಪ್ಪಿರಬೇಕು ಎಂದರು. ನನ್ನ ಸಿಟ್ಟು ಇಳಿಯುತ್ತ ಬಂತು. ಗೊತ್ತಿಲ್ಲದೆ ಉಂಡದ್ದಕ್ಕೆ ಯಾವ ದೋಷವೂ ಇಲ್ಲ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಳ್ಳಿ, ಅಲ್ಲಿಗೆ ಮುಗಿಯಿತು ಎಂದೆ.

"ಉಂಡದ್ದು ಗೊತ್ತಿಲ್ದ ಉಂಡೀನಿ," ಎಂದರು. "ನೀರು ಗೊತ್ತಿದ್ದು ಕುಡದೀನಿ."

ಮಠಕ್ಕೆ ಹೋಗಿ ಹಿರಿಯ ಸ್ವಾಮಿಗಳನ್ನು ಕೇಳಿ, ಏನಾದರೂ ಪ್ರಾಯಶ್ಚಿತ್ತ ಇದ್ದೇ ಇರುತ್ತದೆ ಎಂದೆ. ಕೇಳಿದರೆ ಎಲ್ಲಿ ಆಯಿತು, ಯಾರ ಕೈಯಿಂದ ಆಯಿತು ಎಂದು ಹೇಳಬೇಕಾಗುತ್ತದೆ ಎಂದು ಅದನ್ನೂ ಬಿಟ್ಟರು.

ಲಿಂಗವನ್ನು ಮೈಯಿಂದ ತೆಗೆಯಲಿಲ್ಲ. ಪೂಜೆಯಂತೂ ಮೊದಲಿಗಿಂತ ಹೆಚ್ಚಾಯಿತು. ಆದರೆ ಇನ್ನೊಬ್ಬರ ಕೊರಳಿಗೆ ಲಿಂಗ ಕಟ್ಟುವ ಯೋಗ್ಯತೆ ತಮಗೆ ಉಳಿದಿಲ್ಲ ಎಂದು ನಿಶ್ಚಯ ಮಾಡಿಕೊಂಡರು. ಒಕ್ಕಲು ಮನೆಯವರು ಕರೆಯಲು ಬಂದರೆ ಒಮ್ಮೆ ಮೊಣಕಾಲು ನೋವು, ಒಮ್ಮೆ ಬಿಪಿ, ಒಮ್ಮೆ ಜ್ವರ. ಹುಟ್ಟಿದಾರಭ್ಯ ಸುಳ್ಳು ಹೇಳದ ಮನುಷ್ಯನಿಗೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ, ಮೊಣಕಾಲು ನೋವು ಎಂದು ಹೇಳಿ ಅದೇ ಕಾಲಲ್ಲಿ ಬಂದವರನ್ನು ಬೀದಿಯ ತುದಿಯ ತನಕ ಬಿಟ್ಟು ಬರುತ್ತಿದ್ದರು. ಅಯ್ಯನಿಗೆ ಸೊಕ್ಕು ಬಂದಿದೆ ಎಂದರು ಕೆಲವರು. ದಕ್ಷಿಣೆ ಸಾಲುತ್ತಿಲ್ಲವೇನೋ ಎಂದರು ಇನ್ನು ಕೆಲವರು. ಹಿಟ್ಟಿನ ಗಿರಣಿಯಲ್ಲಿ ನನ್ನ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು. ಒಬ್ಬೊಬ್ಬರಾಗಿ ಬೇರೆ ಅಯ್ಯನನ್ನು ಗೊತ್ತು ಮಾಡಿಕೊಂಡರು. ಅಂಗಳದಲ್ಲಿ ನಿಲ್ಲಿಸಿದ ಮೊಪೆಡ್ಡಿನ ಗಾಲಿಗಳಲ್ಲಿ ಗಾಳಿ ಇಳಿಯಿತು. ನಾನು ಬಾಯಿ ಮುಚ್ಚಿಕೊಂಡು ಇದ್ದೆ. ನನ್ನನ್ನು ಬಲ್ಲವರಿಗೆ ಗೊತ್ತು, ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇಲ್ಲ.

ಆ ಹೋಟೆಲು ಮಾತ್ರ ನಡೆದದ್ದೇ ನಡೆದದ್ದು. ಸಂಜೆಯಾದರೆ ಹೊರಗೆ ಬೆಂಚು ಹಾಕಿ ಕೂರಿಸಬೇಕಾದಷ್ಟು ಮಂದಿ. ಎಲ್ಲ ಅಯ್ಯನ ಕಾಲ್ಗುಣ ಎಂದು ಕಲ್ಯಾಣಪ್ಪ ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಅಷ್ಟರಲ್ಲಿ ಅತ್ತೆ ಮನೆಯ ಊರು ನಿಲಂಗದಲ್ಲಿ ಉಜ್ವಲಾಗೆ ಹೆಣ್ಣು ಮಗುವಾಯಿತು. ಎಷ್ಟೋ ವರ್ಷ ಹರಕೆ ಹೊತ್ತ ಮೇಲೆ ಆದ ಕೂಸು. ಅಪ್ಪನೇ ಬಂದು ಲಿಂಗ ಕಟ್ಟಬೇಕು ಎಂದು ಬಾಣಂತನದ ಕೋಣೆಯಿಂದಲೇ ಹೇಳಿಟ್ಟಿದ್ದಳು. ಇವರು ಬರುವುದಿಲ್ಲ ಎಂದರು. ಕಾರಣ ಹೇಳಲಿಲ್ಲ. ನಾನಾದರೂ ಹೇಳಲೇ ಎಂದರೆ 'ಮಗಳ ಅತ್ತೆ ಮನೆಗೆ ತಿಳಿದರೆ ಊರಿಗೇ ತಿಳಿದ ಹಾಗೆ' ಎಂದು ಆಣೆ ಹಾಕಿದರು. ಉಜ್ವಲಾ ಫೋನು ಮಾಡಿದಳು. ಇವರು ಕಿವಿಗೆ ಹಿಡಿದುಕೊಂಡು ನಿಂತಿದ್ದರು, ಅವಳ ದನಿ ನನಗೂ ಕೇಳುತ್ತಿತ್ತು.

"ಹೆಣ್ಣ ಕೂಸು ಅಂತ ಬರವಲ್ರೇನು ಅಪ್ಪಾ?" ಎಂದಳು. "ನೀವು ಕಟ್ಟಲ್ದಿದ್ರ ನನ್ನ ಮಗಳಿಗಿ ಯಾರೂ ಕಟ್ಟೂದು ಬ್ಯಾಡ."

ಅವಳು ಇಟ್ಟ ಮೇಲೂ ಇವರು ಫೋನನ್ನು ಕಿವಿಗೆ ಹಿಡಿದೇ ಇದ್ದರು. ಅಪ್ಪನ ಹಟವೇ ಮಗಳಿಗೂ ಬಂದಿದೆ. ಅತ್ತೆ ಮಾವ ಎಷ್ಟು ಹೇಳಿದರೂ ಬೇರೆ ಅಯ್ಯನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಜಂಗಮರ ಮೊಮ್ಮಗಳು ಬರಿಗೊರಳಲ್ಲೇ ತೆವಳಲು ಕಲಿತಳು ಎಂದು ನಿಲಂಗದ ನೆಂಟರು ನನ್ನ ಮುಂದೆ ಹೇಳಿ ನಕ್ಕರು. ಉಜ್ವಲಾ ನಮಗೆ ಫೋನು ಮಾಡುವುದನ್ನು ಬಿಟ್ಟಳು. ಆ ದಿನಗಳಲ್ಲಿ ನನಗೆ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊರ ಹುಡುಗನ ಮಾನ ಉಳಿಸಲು ಹೆತ್ತ ಮಗಳನ್ನು ಕಳೆದುಕೊಂಡಿರಲ್ಲ ಎಂದು ಒಂದು ದಿನ ಮುಖಕ್ಕೇ ಹೇಳಿದೆ. ಕೇಳಿಸಿಕೊಂಡರು. ಆವತ್ತು ಉಣ್ಣಲಿಲ್ಲ.

ವರ್ಷ ದಾಟಿದ ಮೇಲೆ ಕಲ್ಯಾಣಪ್ಪ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದ. ಉಮರ್ಗಾದ ಹೆದ್ದಾರಿಯ ಮೇಲೆ ನಾಗನಾಥ ಎರಡನೆಯ ಹೋಟೆಲು ತೆರೆಯುತ್ತಿದ್ದಾನೆ, ಅಲ್ಲಿಯೂ ಅಯ್ಯನವರೇ ಬಂದು ಮೊದಲ ಊಟ ಮಾಡಬೇಕು ಎಂದ. ಇವರು ಆಗುವುದಿಲ್ಲ ಎಂದರು. ಅವನು ಬಿಡಲಿಲ್ಲ. ನಮ್ಮ ಮನೆಯಿಂದ ಏನು ತಪ್ಪಾಯಿತು ಹೇಳಿ ಎಂದು ಪಾದ ಹಿಡಿದು ಕೂತುಬಿಟ್ಟ. ನಾನು ಅಲ್ಲೇ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದೆ. ಇವರು ಕೊನೆಗೆ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದರು. ಎಲುಬು, ನೀರು, ಎಲ್ಲ. ಹೇಳುತ್ತ ತಾವೇ ಅವನಿಗೆ ಸಮಾಧಾನವನ್ನೂ ಮಾಡುತ್ತಿದ್ದರು, ಹುಡುಗನಿಗೆ ಬೈಯಬೇಡ, ಅವನಿಗೆ ಗೊತ್ತಿರಲಿಲ್ಲ ಎಂದು.

ಕಲ್ಯಾಣಪ್ಪ ಪಾದ ಬಿಟ್ಟು ಸರಿಯಾಗಿ ಕೂತ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ಇಷ್ಟೇನಾ ಎಂಬ ಹಾಗಿತ್ತು.

"ಅಯ್ನೋರ, ಅದು ನಮಗ ಅವತ್ತೇ ಗೊತ್ತಾಗ್ಯಾದರಿ," ಎಂದ.

ಆಮೇಲೆ ಬಿಡಿಸಿ ಹೇಳಿದ. ಮುಹೂರ್ತ ಮೀರುತ್ತಿತ್ತು, ಹೊಸ ಪಾತ್ರೆಯ ಗೊಜ್ಜು ಇನ್ನೂ ಕುದಿಯುತ್ತಿತ್ತು. ಅಡುಗೆಯವನು ಹಿಂದಿನ ದಿನ ರುಚಿ ನೋಡಲು ಮಾಡಿಟ್ಟದ್ದರಲ್ಲಿ ಮಾಂಸದ ತುಂಡುಗಳನ್ನು ಆರಿಸಿ ತೆಗೆದು, ಒಂದೇ ಒಂದು ಬಟ್ಟಲಿಗೆ ಬಡಿಸಿ ಕಳಿಸಿದ್ದ. ತುಂಡು ತೆಗೆದರೆ ಶಾಕಾಹಾರವಾಯಿತು ಎಂದು ಅವನ ತಿಳುವಳಿಕೆ. ಉಳಿದವರಿಗೆಲ್ಲ ಹೊಸ ಪಾತ್ರೆಯದೇ. ಅಯ್ಯ ಅರ್ಧ ಉಂಡಿರುವಾಗ ನಾಗನಾಥನಿಗೆ ತಿಳಿಯಿತು. ಅವನು ಬಂದು ಅಪ್ಪನ ಕಿವಿಯಲ್ಲಿ ಹೇಳಿದ.

"ಅಷ್ಟು ಮಂದ್ಯಾಗ ನಿಮಗ ಎಬ್ಬಸಿದ್ರ ನಿಮ್ಮದೇ ಮಾನ ಹೋಗ್ತಿತ್ತು. ಅದಕ್ಕ ಸುಮ್ನ ಕೂತೇವ್ರಿ. ನಾವೂ ಹೇಳಿಲ್ಲ, ನೀವೂ ಹೇಳಿಲ್ಲ. ಮತ್ತ ಆಗ್ಯಾದರ ಏನು?"

ಇವರು ತಲೆಯೆತ್ತಿ ನಿನ್ನ ಮುಖ ನೋಡಿದರಲ್ಲ, ಆಗಲೂ ಗೊತ್ತಿತ್ತೇ ಎಂದು ನಾನು ಕೇಳಿದೆ. ಗೊತ್ತಿತ್ತು ಎಂದ. ಇವರು ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಜೀವದಲ್ಲಿ ಜೀವ ಬಂದು ಮೊದಲು ಚಪ್ಪಾಳೆ ತಟ್ಟಿದ್ದೇ ತಾನು ಎಂದೂ ಹೇಳಿದ. ನಾನು ಮೊರವನ್ನು ಅವನ ಮೇಲೆ ಎತ್ತಿದೆ. ಬೇಳೆಯೆಲ್ಲ ಅಂಗಳಕ್ಕೆ ಚೆಲ್ಲಿತು. ಇವರು ನನ್ನ ಕೈ ಹಿಡಿದು ಕೂರಿಸಿ, ಉಮರ್ಗಾದ ಮುಹೂರ್ತ ಯಾವತ್ತು ಎಂದು ಕಲ್ಯಾಣಪ್ಪನನ್ನು ಕೇಳಿದರು.

ಅವನು ಹೋದ ಮೇಲೆ ದೇವರ ಕೋಣೆಗೆ ಹೋಗಿ ಕರಡಿಗೆ ತೆರೆದು, ಲಿಂಗವನ್ನು ಜಗುಲಿಯ ಮೇಲೆ ಇಟ್ಟರು. ಖಾಲಿ ಕರಡಿಗೆಯನ್ನು ಮುಚ್ಚಿ ಮತ್ತೆ ಕೊರಳಿಗೆ ಹಾಕಿಕೊಂಡರು. ನಮ್ಮಲ್ಲಿ ಲಿಂಗ ಮೈಬಿಟ್ಟರೆ ಆ ಮನುಷ್ಯ ಸತ್ತ ಲೆಕ್ಕ. ನಾನು ಅದನ್ನು ಎತ್ತಿಕೊಂಡು ಅವರ ಎದೆಗೆ ಒತ್ತಿ ಹಿಡಿದು ಅತ್ತೆ. ಅವರು ನಿಧಾನಕ್ಕೆ ನನ್ನ ಕೈ ಸರಿಸಿದರು.

"ಅವರಿಗಿ ಅಯ್ಯ ಬೇಕಾಗ್ಯಾನ," ಎಂದರು. "ಒಳಗ ಲಿಂಗ ಅದನೋ ಇಲ್ಲೋ, ಯಾರೂ ತೆರದು ನೋಡಂಗಿಲ್ಲ."

ಯಾರೂ ನೋಡಲಿಲ್ಲ, ನಿಜ. ಉಮರ್ಗಾದಲ್ಲಿ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಅಷ್ಟೆ. ನೂಡಲ್ಸನ್ನು ಫೋರ್ಕಿನಿಂದ ಸುತ್ತಿ ನಾಲ್ಕು ತುತ್ತು ತಿಂದು, ಉಳಿದದ್ದನ್ನು ಹಾಗೇ ಬಿಟ್ಟು ಎದ್ದರು. ಅಯ್ಯನವರು ಈಗ ಸುಧಾರಿಸಿದ್ದಾರೆ ಎಂದು ನಾಗನಾಥ ತಮಾಷೆ ಮಾಡಿದ. ಮೊಪೆಡ್ಡಿಗೆ ಗಾಳಿ ಹಾಕಿಸಿಕೊಂಡು ಮತ್ತೆ ಊರೂರು ತಿರುಗತೊಡಗಿದರು. ಬಿಟ್ಟು ಹೋಗಿದ್ದ ಮನೆಗಳು ಒಂದೊಂದಾಗಿ ಮರಳಿ ಬಂದವು. ಈಗ ಮಂತ್ರ ಮರೆಯುವುದಿಲ್ಲ, ಕೆಮ್ಮುವುದಿಲ್ಲ, ದನಿ ಮೊದಲಿಗಿಂತ ಏರಿದೆ. ನಾನು ದಿನಾ ಬೆಳಿಗ್ಗೆ ನನ್ನ ಲಿಂಗದ ಜೊತೆಗೆ ಅವರದನ್ನೂ ತೊಳೆದು ಪತ್ರೆ ಏರಿಸುತ್ತೇನೆ. ಅವರು ಆ ಕೋಣೆಯ ಕಡೆ ಬರುವುದಿಲ್ಲ.

ಹೋದ ವಾರ ಉಜ್ವಲಾಗೆ ತಾವೇ ಫೋನು ಮಾಡಿ, ಮಗುವಿಗೆ ಲಿಂಗ ಕಟ್ಟಲು ಬರುತ್ತೇನೆ ಎಂದರು. ಅವಳು ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಬೇಡ, ಊರಿಗೆಲ್ಲ ಏನಾದರೂ ಮಾಡಿ, ಈ ಖಾಲಿ ಕರಡಿಗೆ ಹೊತ್ತುಕೊಂಡು ಮೊಮ್ಮಗಳಿಗೆ ಕಟ್ಟುವುದು ಬೇಡ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ನಿಲಂಗದ ಮನೆಯಲ್ಲಿ ತೊಟ್ಟಿಲ ಪಕ್ಕ ಮಣೆ ಹಾಕಿ, ಆಗಲೇ ನಡೆಯಲು ಕಲಿತಿದ್ದ ಕೂಸನ್ನು ಉಜ್ವಲಾ ತೊಡೆಯ ಮೇಲೆ ಹಿಡಿದುಕೊಂಡು ಕೂತಳು. ನೆಂಟರೆಲ್ಲ ಅಕ್ಷತೆ ಹಿಡಿದು ನಿಂತರು.

"ಅವ್ವಾ, ಅಪ್ಪಾ ಮೊದಲಿನಂಗ ಆಗ್ಯಾರ ನೋಡು," ಎಂದಳು ಉಜ್ವಲಾ.

ನಾನು ಹೌದು ಎಂದೆ. ಇವರು ಮಂತ್ರ ಹೇಳುತ್ತ ಮಗುವಿನ ಕೊರಳಿಗೆ ಲಿಂಗದ ದಾರ ಹಾಕಿದರು. ಗಂಟು ಹಾಕುವಾಗಲಾದರೂ, ಆವತ್ತು ಬಟ್ಟಲಿನಲ್ಲಿ ನಿಂತ ಹಾಗೆ, ಅವರ ಬೆರಳು ನಿಲ್ಲಬಹುದು ಎಂದು ನಾನು ನೋಡುತ್ತಿದ್ದೆ. ನಿಲ್ಲಲಿಲ್ಲ.